ಗುಂಡು ಎತ್ತಿದವರನ್ನು ಕೇಳು

ಪ್ರೀತಿಯ ತಮ್ಮಾ,

ನಿನ್ನ ಬರಹ ಸೋಮವಾರ ಬಂತು. ಎರಡು ಸಲ ಓದಿದೆ. 'ಗುಂಡು' ಅನ್ನುವ ಒಂದೇ ಪದದ ಬೆನ್ನು ಹತ್ತಿ ಹನ್ನೊಂದು ಪುಟ ಬರೆದಿದ್ದೀಯ. ಒಂದು ಪದದ ಮುಂದೆ ಇಷ್ಟು ಹೊತ್ತು ಕೂರುವ ಹುಡುಗರು ಈಗ ಕಡಿಮೆ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಕಾಗದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ನಿಧಾನವಾಗಿ ಓದು.

'ಗುಂಡು ಎಂಬ ಪದಕ್ಕೆ ನಿಘಂಟಿನಲ್ಲಿ ಹಲವು ಅರ್ಥಗಳಿವೆ' ಎಂದು ಶುರು ಮಾಡಿದ್ದೀಯ. ಆಮೇಲೆ ಆ ಅರ್ಥಗಳು ಒಂದರ ಹಿಂದೆ ಒಂದು ಬರುತ್ತವೆ. ದುಂಡಗಿನ ವಸ್ತು, ಬಂಡೆ, ರುಬ್ಬುವ ಕಲ್ಲು, ಕೋವಿಯ ಗುಂಡು, ಹೆಂಡ, ಬೋಳುತಲೆ. ಯಾವುದೂ ತಪ್ಪಲ್ಲ. ಆದರೆ ಓದುತ್ತಾ ಹೋದರೆ ನನ್ನ ಕಣ್ಣ ಮುಂದೆ ಒಂದು ಗುಂಡೂ ಬರಲಿಲ್ಲ. ಸಂತೆಗೆ ಹೋಗಿ ಬರೀ ಬೆಲೆ ಕೇಳಿಕೊಂಡು ಬಂದ ಹಾಗಾಯಿತು.

ನಾನು ಈ ಪದವನ್ನು ಮೊದಲು ಕಲಿತದ್ದು ಅಡುಗೆಮನೆಯಲ್ಲಿ. ನಮ್ಮದು ಪಾವಗಡದ ಕಡೆಯ ಊರು ಅಂತ ನಿನಗೆ ಗೊತ್ತು. ಹಿತ್ತಲ ಬಾಗಿಲ ಪಕ್ಕ ಒರಳು. ಅದರೊಳಗೆ ಗುಂಡು. ತಳ ದಪ್ಪ, ಮೇಲೆ ಸ್ವಲ್ಪ ಸಣ್ಣ, ಅಮ್ಮನ ಅಂಗೈ ಕೂರುವಷ್ಟು. ಬಲಗೈಯಲ್ಲಿ ಗುಂಡು ತಿರುವುತ್ತಾ ಎಡಗೈಯಲ್ಲಿ ಹಿಟ್ಟನ್ನು ಒಳಕ್ಕೆ ತಳ್ಳುತ್ತಿದ್ದಳು. ಗುಂಡಿಗೂ ಒರಳಿಗೂ ನಡುವೆ ಬೆರಳು ಸಿಕ್ಕಿಕೊಳ್ಳಬಾರದು. ಆ ಲೆಕ್ಕ ಅವಳ ಕೈಗೆ ಗೊತ್ತಿತ್ತು. ಅಕ್ಕಿ ತರಿತರಿಯಾಗಿದ್ದಾಗ ಒಂದು ಸದ್ದು, ನುಣ್ಣಗಾದ ಮೇಲೆ ಇನ್ನೊಂದು ಸದ್ದು. ಒಳಗೆ ಓದುತ್ತಾ ಕೂತವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು, ಇನ್ನು ಎಷ್ಟು ಹೊತ್ತು ಅಂತ. ರುಬ್ಬಿ ಆದಮೇಲೆ ಗುಂಡು ಎತ್ತಿ ಆಚೆ ಇಡಬೇಕು. ನಾನು ಹತ್ತು ವರ್ಷದವಳಿದ್ದಾಗ ಎತ್ತಲು ಹೋಗಿ ಕಾಲ ಮೇಲೆ ಹಾಕಿಕೊಂಡೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಯಿತು.

ಆ ಗುಂಡು ಪೂರ್ತಿ ಉರುಟಾಗಿರಲಿಲ್ಲ, ನೋಡು. ಮೊಟ್ಟೆಯ ಹಾಗೆ ಉದ್ದುದ್ದ ಇತ್ತು. ಆದರೂ ಅದು ಗುಂಡು. ಅಂದರೆ ಈ ಪದಕ್ಕೆ ಬರೀ ಆಕಾರ ಸಾಲದು. ಗಟ್ಟಿಯಾಗಿರಬೇಕು, ಭಾರ ಇರಬೇಕು, ಕೈಗೆ ತಾನಾಗಿ ಬಗ್ಗಬಾರದು. ಹತ್ತನೇ ವಯಸ್ಸಿಗೆ ನನ್ನ ಕಾಲಿಗೆ ತಿಳಿದದ್ದು ಇದು. ಇದನ್ನು ಹೇಳಲು ನೀನು ಮೂರು ಪುಟ ತೆಗೆದುಕೊಂಡಿದ್ದೀಯ.

ದುಂಡಗಿನದಕ್ಕೆ ನಮ್ಮಲ್ಲಿ ಒಂದೇ ಪದ ಇಲ್ಲವಲ್ಲ. ಉಂಡೆ ಇದೆ, ಚೆಂಡು ಇದೆ, ಮುದ್ದೆ ಇದೆ, ಗೋಲಿ ಇದೆ, ಶಾಲೆಯ ಪುಸ್ತಕದಲ್ಲಿ ಗೋಳ ಇದೆ. ಇವುಗಳನ್ನು ಬೇರೆ ಮಾಡುವುದು ಕಣ್ಣಲ್ಲ, ಕೈ. ಉಂಡೆ ಕಟ್ಟುತ್ತೇವೆ. ರವೆ ಉಂಡೆ, ಎಳ್ಳುಂಡೆ, ನೂಲಿನ ಉಂಡೆ ಎಲ್ಲ ನಮ್ಮ ಕೈಯಲ್ಲೇ ಉಂಡೆಯಾದದ್ದು. ಮುದ್ದೆಯನ್ನೂ ಕಟ್ಟುತ್ತೇವೆ. ಚೆಂಡು ಎಸೆಯುತ್ತೇವೆ, ಹಿಡಿಯುತ್ತೇವೆ, ಅದು ಪುಟಿಯುತ್ತದೆ. ಗೋಲಿ ಆಡುತ್ತೇವೆ. ಗುಂಡನ್ನು ಯಾರೂ ಕಟ್ಟುವುದಿಲ್ಲ. ಅದು ಮೊದಲೇ ಅಲ್ಲಿರುತ್ತದೆ. ನಾವು ಎತ್ತುತ್ತೇವೆ, ಇಲ್ಲ ಉರುಳಿಸುತ್ತೇವೆ. 'ರವೆ ಗುಂಡು' ಅಂತ ಬರೆದು ನೋಡು, ಓದಿದವರ ಹಲ್ಲು ನೋಯುತ್ತದೆ.

ಹಾಗಂತ ಇದನ್ನೇ ಕಾನೂನು ಮಾಡಿಕೊಳ್ಳಬೇಡ. ಗುಂಡಿನ ಸರ ಇದೆಯಲ್ಲ, ಚಿನ್ನದ ಗುಂಡು ಪೋಣಿಸಿದ್ದು. ತಾಳಿಯ ಪಕ್ಕದಲ್ಲೂ ಗುಂಡು ಇರುತ್ತದೆ. ಅದಕ್ಕೆ ಭಾರ ಎಲ್ಲಿದೆ? ಕಾಳಿನಷ್ಟು ಇರುತ್ತದೆ. ಇನ್ನೊಂದು ಪದದ ಮುಂದೆ ಬಂದು ನಿಂತರಂತೂ ಗುಂಡು ತನ್ನ ಭಾರ ಪೂರ್ತಿ ಇಳಿಸಿಬಿಡುತ್ತದೆ. ಗುಂಡುಮಲ್ಲಿಗೆ, ಗುಂಡುಸೂಜಿ, ಗುಂಡುಬದನೆ, ಗುಂಡುಮುಖ. ಇಲ್ಲಿ ಉಳಿದದ್ದು ಆಕಾರ ಮಾತ್ರ. ಗುಂಡುಸೂಜಿಯಲ್ಲಿ ಅದೂ ತಲೆಯಷ್ಟಕ್ಕೇ. ಇನ್ನು ಪಕ್ಕದ ಭಾಷೆಗೆ ಹೋದರೆ ಎಲ್ಲ ತಿರುಗಾಮುರುಗಾ. ಮಲಯಾಳದಲ್ಲಿ ಕೋವಿಯ ಗುಂಡಿಗೆ ವೆಡಿಯುಂಡ ಅನ್ನುತ್ತಾರೆ. ನಮ್ಮ ಅಡುಗೆಮನೆಯ ಉಂಡೆ ಅಲ್ಲಿ ಕೋವಿಯೊಳಗೆ ಕೂತಿದೆ. ಹಿಂದಿಯ ಗೋಲಿಯೂ ಅಷ್ಟೆ. ಮಕ್ಕಳು ಆಡುವುದೂ ಗೋಲಿ, ಜ್ವರಕ್ಕೆ ನುಂಗುವುದೂ ಗೋಲಿ, ಎದೆಗೆ ಬೀಳುವುದೂ ಗೋಲಿ. ನಾವು ಆ ಪದ ತಂದುಕೊಂಡಾಗ ಆಟಕ್ಕೆ ಮಾತ್ರ ಇಟ್ಟುಕೊಂಡೆವು. ಆದರೂ ಪತ್ರಿಕೆಯ ತಲೆಬರಹದಲ್ಲಿ 'ಗೋಲಿಬಾರ್' ಅಂತ ಅದರ ಇನ್ನೊಂದು ಮುಖ ಉಳಿದುಬಿಟ್ಟಿದೆ. ಇದನ್ನು ನಿನ್ನ ಬರಹದಲ್ಲಿ ಸೇರಿಸಬಹುದು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ನೀನು ಗುಂಡಿನ ಅರ್ಥಗಳನ್ನು ಗುಂಡಿನೊಳಗೆ ಹುಡುಕಿದ್ದೀಯ. ಅವು ಇರುವುದು ಅದರ ಮುಂದಿನ ಕ್ರಿಯಾಪದದಲ್ಲಿ. ಗುಂಡು ಎತ್ತಿದ ಅಂದರೆ ಜಾತ್ರೆ. ಗುಂಡು ಹಾರಿಸಿದ ಅಂದರೆ ಪೊಲೀಸು. ಗುಂಡು ಎಸೆದ ಅಂದರೆ ಶಾಲೆಯ ಮೈದಾನ. ಗುಂಡು ತಿರುವಿದಳು ಅಂದರೆ ನಾಳೆ ಬೆಳಿಗ್ಗೆ ದೋಸೆ. ಗುಂಡು ಹಾಕಿದ ಅಂದರೆ ಮನೆಯಲ್ಲಿ ಹೆಂಡತಿ ಮುಖ ತಿರುಗಿಸಿದ್ದಾಳೆ. ಗುಂಡು ಹೊಡೆದ, ಗುಂಡು ಹೊಡೆಸಿದ. ನಡುವೆ ಒಂದು 'ಸಿ' ಸೇರಿತು ನೋಡು, ಕೊಲೆ ಹೋಗಿ ತಿರುಪತಿಯ ಹರಕೆ ಬಂತು. ಒಂದೇ ಗುಂಡು, ಏಳು ಬದುಕು. ನೀನು ಇವನ್ನೆಲ್ಲ ಕ್ರಿಯಾಪದ ಕಿತ್ತುಹಾಕಿ ಪಟ್ಟಿ ಮಾಡಿದ್ದೀಯ. ಅದಕ್ಕೇ ಎಲ್ಲ ಒಣಗಿದ ಹಾಗೆ ಕಾಣುತ್ತವೆ. ಕಥೆ ಬರೆಯುವಾಗಲೂ ಇದು ನೆನಪಿರಲಿ. ಪದ ಹೊಳೆಯುತ್ತಿಲ್ಲ ಅನ್ನಿಸಿದರೆ ವಿಶೇಷಣ ಸೇರಿಸಲು ಹೋಗಬೇಡ. ಅದರ ಕ್ರಿಯಾಪದ ಸರಿ ಇದೆಯಾ ನೋಡು.

ಕೋವಿಯ ಗುಂಡಿನ ಭಾಗ ನಿನ್ನ ಬರಹದಲ್ಲಿ ಎರಡೇ ಸಾಲು. ಅಲ್ಲಿ ಜಾಸ್ತಿ ಬರೆಯಬೇಕಿತ್ತು. ಇವತ್ತಿನ ಕೋವಿಯಲ್ಲಿ ಹಾರುವುದು ಗುಂಡಗಿಲ್ಲ. ಉದ್ದಕ್ಕಿದೆ, ಮೂತಿ ಚೂಪು. ಮತ್ತೆ ಗುಂಡು ಅಂತ ಯಾಕೆ ಅನ್ನುತ್ತೇವೆ? ಯಾಕೆಂದರೆ ಹೆಸರು ಇಟ್ಟಾಗ ಅದು ನಿಜವಾಗಿಯೂ ಗುಂಡಗಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಯ ಮೇಲೆ ಎರಡೂ ಕಡೆಯವರ ಕೋವಿಯಿಂದ ಹಾರಿದ್ದು ಸೀಸದ ಪುಟ್ಟ ಪುಟ್ಟ ಉರುಟುಗಳು. ಫಿರಂಗಿಯಿಂದ ಹಾರಿದ್ದು ಕಬ್ಬಿಣದ ದೊಡ್ಡ ಉರುಟುಗಳು. ವಿಜಯಪುರದ ಕೋಟೆಯ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಇದೆಯಲ್ಲ, 1549ರಲ್ಲಿ ಎರಕ ಹೊಯ್ದ ಫಿರಂಗಿ. ಅದರ ಬಾಯಿಯ ಮುಂದೆ ನಿಂತು ನೋಡು. ಎಂಥ ಗುಂಡು ಬೇಕಿತ್ತು ಅಂತ ಆ ಬಾಯಿಯೇ ಹೇಳುತ್ತದೆ. ಚೂಪು ಮೂತಿಯ ಗುಂಡು ಸೈನ್ಯಗಳಲ್ಲಿ ಬಳಕೆಗೆ ಬಂದದ್ದು 19ನೇ ಶತಮಾನದ ನಡುವಿನಲ್ಲಿ. ವಸ್ತು ತನ್ನ ಆಕಾರ ಬದಲಾಯಿಸಿತು. ಪದ ಬದಲಾಯಿಸಲಿಲ್ಲ. ಹಳೆಯ ಉರುಟು ಈಗ ಉಳಿದಿರುವುದು ನಮ್ಮ ಬಾಯಲ್ಲಿ. ಮತ್ತೆ ಶಾಲೆಯ ಮೈದಾನದಲ್ಲಿ. ಗುಂಡು ಎಸೆತದ ಗುಂಡು ಇವತ್ತಿಗೂ ಗುಂಡಗೇ ಇದೆ. ಗಂಡಸರಿಗೆ 7.26 ಕಿಲೋ, ಹೆಂಗಸರಿಗೆ 4 ಕಿಲೋ. ಹೈಸ್ಕೂಲಿನಲ್ಲಿ ನೀನೂ ಎಸೆದಿರುತ್ತೀಯ. ಕುತ್ತಿಗೆಗೆ ಒತ್ತಿ ಹಿಡಿದಾಗ ತಣ್ಣಗೆ ಕಬ್ಬಿಣ ತಾಗುತ್ತಿತ್ತಲ್ಲ, ಅದು ನಿನ್ನ ಬರಹದಲ್ಲಿ ಯಾಕೆ ಇಲ್ಲ?

ಇನ್ನು ಎರಡು ಕಡೆ ನಿನ್ನನ್ನು ತಡೆಯಬೇಕು.

'ಗುಂಡು ಬೀಳುವ ಜಾಗವೇ ಗುಂಡಿ' ಅಂತ ಬರೆದಿದ್ದೀಯ. ಕೇಳಲು ಚೆನ್ನಾಗಿದೆ. ಅದೇ ಅಪಾಯ. ದ್ರಾವಿಡ ಭಾಷೆಗಳ ಪದಗಳನ್ನು ಒಟ್ಟಿಗೆ ಇಟ್ಟು ನೋಡಿದ ಬರೋ ಮತ್ತು ಎಮೆನೋ ಅವರ ನಿಘಂಟು 1961ರಲ್ಲಿ ಬಂತು, 1984ರಲ್ಲಿ ಅದನ್ನು ತಿದ್ದಿ ಮತ್ತೆ ತಂದರು. ಅದರಲ್ಲಿ ಉರುಟಿನ ಗುಂಡು ಒಂದು ಮನೆತನ, ಆಳದ ಗುಂಡಿ ಇನ್ನೊಂದು ಮನೆತನ. ಗುಂಡಿನ ಜೊತೆ ತಮಿಳಿನ ಗುಂಡು, ತೆಲುಗಿನ ಗುಂಡು, ತುಳುವಿನ ಗುಂಡು ಬಂದು ನಿಲ್ಲುತ್ತವೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಆದ್ದರಿಂದ ಬರಹದಲ್ಲಿ ಕುಂಡು ಎಂದೂ ಓದಬಹುದು. ಗುಂಡಿಯ ಜೊತೆ ನಿಲ್ಲುವುದು ಹಳ್ಳ, ತಗ್ಗು, ಕೊಳ ಅನ್ನುವ ಅರ್ಥದ ಪದಗಳು. ಮುಖ ಒಂದೇ ಥರ ಇದೆ ಅಂತ ಇಬ್ಬರನ್ನು ಅಣ್ಣತಮ್ಮ ಅನ್ನಲಾಗದು, ಅಲ್ವಾ?

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮೂವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ಪದಗಳ ಬಗ್ಗೆ ಬರೆಯುತ್ತಿದ್ದೆ. ಒಂದು ವಾರ ಆತುರದಲ್ಲಿ 'ಉಣ್ಣುವುದರಿಂದ ಉಂಡೆ ಬಂತು' ಅಂತ ಬರೆದು ಕಳಿಸಿದೆ. ಉಂಡು, ಉಂಡೆ, ಎಷ್ಟು ಚೆನ್ನಾಗಿ ಕೂಡುತ್ತದೆ ಅಂತ ನನಗೇ ಖುಷಿ. ಹತ್ತು ದಿನಕ್ಕೆ ಒಬ್ಬ ನಿವೃತ್ತ ಮೇಷ್ಟ್ರ ಕಾರ್ಡು ಬಂತು. ಒಂದೇ ಸಾಲು. 'ತಾಯಿ, ನೂಲಿನ ಉಂಡೆಯನ್ನು ಯಾರು ಉಂಡರು?' ಆ ಕಾರ್ಡು ಹಿಡಿದು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಸಾವಿರಾರು ಜನ ಓದಿದ ತಪ್ಪು ಅದು. ಎಷ್ಟು ಮಕ್ಕಳಿಗೆ ಯಾರು ಯಾರು ಹೇಳಿಕೊಟ್ಟರೋ ಅನ್ನುವ ಯೋಚನೆ ಬಹಳ ದಿನ ಕಾಡಿತು. ಮುಂದಿನ ವಾರವೇ ತಿದ್ದುಪಡಿ ಬರೆದೆ. ಉಣ್ಣು ಬೇರೆ, ಉಂಡೆ ಬೇರೆ. ತಮಿಳಿನ ಉಂಡೈ, ತೆಲುಗಿನ ಉಂಡ ಇದರ ನೆಂಟರು, ಅಲ್ಲೂ ಅರ್ಥ ಉರುಟು ಅಂತಲೇ. ಆ ಕಾರ್ಡು ಈಗಲೂ ನನ್ನ ಕಿಟೆಲ್ ಕೋಶದ ನಡುವೆ ಇದೆ. ಮೂಲ ಹೇಳುವ ಮೊದಲು ಆ ಮೇಷ್ಟ್ರು ಕೇಳಿದ ಹಾಗೆ ಕೇಳಿಕೊಳ್ಳುವುದು ನನಗೆ ಅಭ್ಯಾಸವಾಗಿದೆ. ನನ್ನ ಕಥೆಗೆ ಹೊಂದದ ಒಂದು ಬಳಕೆ ಎಲ್ಲಾದರೂ ಇದೆಯಾ ಅಂತ ಮೊದಲು ಹುಡುಕುತ್ತೇನೆ.

ಎರಡನೆಯದು ಹೆಂಡದ ಗುಂಡು. ಬ್ರಿಟಿಷರ ಕಾಲದ ಸಿಪಾಯಿಗಳಿಗೆ ಗುಂಡಿನ ಲೆಕ್ಕದಲ್ಲಿ ರಮ್ ಕೊಡುತ್ತಿದ್ದರು, ಅದರಿಂದ ಗುಂಡು ಹಾಕುವುದು ಅಂತ ಬಂತು ಅಂತ ಬರೆದಿದ್ದೀಯ. ಎಲ್ಲಿ ಸಿಕ್ಕಿತು ಇದು? ಯಾವ ದಾಖಲೆ? ಯಾರೋ ಹೇಳಿದರು ಅನ್ನುವುದಾದರೆ ತೆಗೆದುಹಾಕು. ಆ ಜಾಗ ಖಾಲಿ ಬಿಟ್ಟರೂ ಬರಹಕ್ಕೆ ಏನೂ ಆಗದು. ಅದರ ಬದಲು 'ಗುಂಡು ತುಂಡು' ಅನ್ನುವ ಮಾತನ್ನು ಎತ್ತಿಕೋ. ಹೆಂಡಕ್ಕೆ ಗುಂಡು, ಮಾಂಸಕ್ಕೆ ತುಂಡು. ಎಷ್ಟು ಪುಟ್ಟ ಜೋಡಿ, ಎಷ್ಟು ಗಟ್ಟಿ ಪ್ರಾಸ. ಚುನಾವಣೆ ಬಂದರೆ ಹಳ್ಳಿ ಹಳ್ಳಿಯಲ್ಲಿ ಈ ಎರಡು ಪದ ಸಾಕು, ಏನು ನಡೀತಿದೆ ಅಂತ ಎಲ್ಲರಿಗೂ ತಿಳಿಯುತ್ತದೆ. ಹುಟ್ಟು ಗೊತ್ತಿಲ್ಲದಿದ್ದರೂ ಬದುಕು ಕಣ್ಣ ಮುಂದಿದೆ. ಅದನ್ನು ಬರೆ.

ಮೂಲ ಹುಡುಕುವ ಆಸೆಯೇ ಇದ್ದರೆ ನಮ್ಮೂರ ತಿಂಡಿಯೊಂದನ್ನು ಕೊಡುತ್ತೇನೆ. ನೀವು ಪಡ್ಡು ಅನ್ನುತ್ತೀರಿ. ಕೆಲವು ಕಡೆ ಗುಳಿಯಪ್ಪ. ನಮ್ಮ ಕಡೆ ಗುಂಡುಪೊಂಗಲು. ಗಡಿ ದಾಟಿದರೆ ತೆಲುಗಿನವರು ಗುಂತ ಪೊಂಗನಾಲು ಅನ್ನುತ್ತಾರೆ. ತೆಲುಗಿನ ಗುಂತ ಅಂದರೆ ಗುಳಿ. ಅಂದರೆ ಅವರು ಹೆಸರಿಟ್ಟದ್ದು ಕಾವಲಿಯ ಗುಳಿಗೆ. ಗುಳಿಯಪ್ಪ ಅನ್ನುವವರೂ ಹಾಗೇ. ನಮ್ಮ ಬಾಯಲ್ಲಿ ಹೆಸರು ನಿಂತಿರುವುದು ಆ ಗುಳಿಯಿಂದ ಎದ್ದು ಬರುವ ಉರುಟಿನ ಮೇಲೆ. ಒಂದೇ ಕಾವಲಿ. ಒಬ್ಬರು ತಗ್ಗು ನೋಡಿದರು, ಒಬ್ಬರು ಉಬ್ಬು ನೋಡಿದರು. ನಮ್ಮ ಮನೆಯಲ್ಲಿ ಅಜ್ಜಿ ತೆಲುಗು, ಅಮ್ಮ ಕನ್ನಡ. ಒಂದೇ ಒಲೆಯ ಮುಂದೆ ಎರಡೂ ಹೆಸರು ಓಡಾಡುತ್ತಿದ್ದವು. ಸಣ್ಣ ಕಡ್ಡಿಯಲ್ಲಿ ಚುಚ್ಚಿ ತಿರುವಿ ಹಾಕುವಾಗ ಅಜ್ಜಿ ಗುಂತ ಅನ್ನುತ್ತಿದ್ದಳು, ತಟ್ಟೆಗೆ ಬಿದ್ದ ಮೇಲೆ ನಾವು ಮಕ್ಕಳು ಗುಂಡು ಅನ್ನುತ್ತಿದ್ದೆವು. ಎರಡು ಭಾಷೆ ಒಂದು ತಟ್ಟೆಯಲ್ಲಿ ಕೂಡುವುದನ್ನು ನಾನು ಇದಕ್ಕಿಂತ ಹತ್ತಿರದಿಂದ ನೋಡಿಲ್ಲ.

ಹೆಸರುಗಳ ಬಗ್ಗೆ ನೀನು ಬರೆದದ್ದರಲ್ಲಿ ಒಂದು ಮಾತು ನನಗೆ ಹಿಡಿಸಲಿಲ್ಲ. ಗುಂಡ, ಗುಂಡಪ್ಪ, ಗುಂಡಮ್ಮ ಅನ್ನುವುದು ದಪ್ಪಗಿದ್ದವರನ್ನು ಹಂಗಿಸಲು ಇಟ್ಟ ಹೆಸರು ಅಂತ ಬರೆದಿದ್ದೀಯ. ಈಗಿನ ಶಾಲೆಯಲ್ಲಿ ಹಾಗೆ ಹಂಗಿಸುತ್ತಾರೆ, ನಿಜ. ಆದರೆ ಹಸಿವು, ಕಾಯಿಲೆ ಹೆಚ್ಚಿದ್ದ ಕಾಲದಲ್ಲಿ ಗುಂಡಗಿರುವ ಕೂಸು ಅಂದರೆ ಮನೆಯವರಿಗೆ ಹೆಮ್ಮೆ. ಈ ಮಗು ಬದುಕಿತು ಅನ್ನುವ ನೆಮ್ಮದಿ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರಿಂದ ಹಿಡಿದು 1980ರಲ್ಲಿ ಮುಖ್ಯಮಂತ್ರಿಯಾದ ಗುಂಡೂರಾಯರವರೆಗೆ ಎಷ್ಟು ಜನ ಆ ಹೆಸರು ಹೊತ್ತು ಬಾಳಿದರು. ಅವರ ತಾಯಂದಿರು ಹಂಗಿಸಲು ಕರೆದದ್ದಲ್ಲ.

'ಗುಂಡುಕಲ್ಲಿನ ಹಾಗೆ' ಅನ್ನುವ ಮಾತು ಕೇಳಿದ್ದೀಯಲ್ಲ. ಆರೋಗ್ಯವಾಗಿರುವವರಿಗೆ ಹೇಳುವುದು. ಆದರೆ ಅದನ್ನು ಜನ ಯಾವಾಗ ಹೇಳುತ್ತಾರೆ ಅಂತ ಗಮನಿಸು. ನಮ್ಮ ಬೀದಿಯಲ್ಲಿ ಒಬ್ಬರು ಬೆಳಿಗ್ಗೆ ಹಾಲು ತಂದವರು ಹತ್ತು ಗಂಟೆಗೆ ಇಲ್ಲವಾದರು. ಜಗಲಿಯ ಮೇಲೆ ಕೂತ ಹೆಂಗಸರು ಅತ್ತು ಅತ್ತು ಒಂದೇ ಮಾತು ಹೇಳುತ್ತಿದ್ದರು. 'ಗುಂಡುಕಲ್ಲಿನ ಹಾಗಿದ್ದರಮ್ಮ. ಗುಂಡುಕಲ್ಲಿನ ಹಾಗಿದ್ದರು.' ಇರುವವರಿಗೆ ಹೇಳುವುದಕ್ಕಿಂತ ಹೋದವರಿಗೆ ಹೇಳುವುದೇ ಜಾಸ್ತಿ ಈ ಮಾತನ್ನು. ಕಲ್ಲೂ ಉಳಿಯಲಿಲ್ಲ ಅನ್ನುವ ಬೆರಗು ಅದರಲ್ಲಿದೆ. ನಿಘಂಟಿನಲ್ಲಿ 'ದೃಢಕಾಯ' ಅಂತ ಅರ್ಥ ಸಿಗಬಹುದು. ಆ ಜಗಲಿ ಸಿಗುವುದಿಲ್ಲ.

ನಿಘಂಟು ನೋಡಬೇಡ ಅಂತ ಹೇಳುತ್ತಿಲ್ಲ. 1894ರಲ್ಲಿ ಕಿಟೆಲ್ ಮಂಗಳೂರಿನಿಂದ ತಂದ ಕೋಶ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟ ಕಪಾಟಿನಲ್ಲಿದೆ. ಅದರಲ್ಲಿ ಪದದ ಜೊತೆ ಹಳೆಯ ಕವಿಗಳ ಸಾಲೂ ಕೊಟ್ಟಿರುತ್ತಾರೆ. ಅವನ್ನು ಓದು, ಅರ್ಥಕ್ಕಿಂತ ಹೆಚ್ಚು ಕಲಿಯುತ್ತೀಯ. ನಾನು ಹೇಳುವುದು ಸರದಿಯ ಬಗ್ಗೆ. ಮೊದಲು ನಿನ್ನ ಕೈಗೆ ಸಿಕ್ಕಿದ ಗುಂಡು. ಆಮೇಲೆ ಬೇರೆಯವರ ಬಾಯಿ. ಕೊನೆಗೆ ಕೋಶ. ನೀನು ತಲೆಕೆಳಗು ಮಾಡಿದ್ದೀಯ.

ನನಗೆ ತಡೆಯಲಾಗದ ಇನ್ನೊಂದು ವಿಷಯ ಕಲ್ಲುಗುಂಡುಗಳದ್ದು. ರಾಮನಗರದಲ್ಲಿ, ಹಂಪಿಯಲ್ಲಿ ಒಂದರ ಮೇಲೊಂದು ಪೇರಿಸಿದ ಹಾಗೆ ನಿಂತಿವೆಯಲ್ಲ, ಯಾರೂ ಪೇರಿಸಿದ್ದಲ್ಲ. ನೆಲದೊಳಗಿದ್ದ ಬಂಡೆ ಬಿರುಕು ಬಿಟ್ಟು ಚೌಕ ಚೌಕವಾಗುತ್ತದೆ. ಬಿರುಕಿನೊಳಗೆ ನೀರು ಇಳಿಯುತ್ತದೆ. ಮೂಲೆಗಳು ಮೊದಲು ಪುಡಿಯಾಗುತ್ತವೆ. ಕೊನೆಗೆ ನಡುವಿನ ಗಟ್ಟಿ ಭಾಗ ಉರುಟಾಗಿ ಉಳಿಯುತ್ತದೆ, ಸುತ್ತಲ ಮಣ್ಣು ಮಳೆಗೆ ಕೊಚ್ಚಿ ಹೋಗುತ್ತದೆ. ಆ ಬಂಡೆಗೆ ಸುಮಾರು 250 ಕೋಟಿ ವರ್ಷ. ನಮ್ಮ ಪಾವಗಡದ ಬೆಟ್ಟಗಳ ತಪ್ಪಲಲ್ಲೂ ಇಂಥವೇ. ದನ ಕಾಯುವ ಹುಡುಗರು ಒಂದೊಂದಕ್ಕೂ ಹೆಸರಿಟ್ಟಿರುತ್ತಾರೆ.

ನಿನ್ನ ಬರಹದಲ್ಲಿ ನನಗೆ ನಿಜಕ್ಕೂ ಬೇಜಾರಾದದ್ದು ಬೇರೆಯೇ. ಹೋದ ವರ್ಷ ಮೊದಲ ಸಲ ಮಾತಾಡಿದಾಗ ನೀನೇ ಹೇಳಿದ್ದೆ. ಇಳಕಲ್ಲಿನ ಹತ್ತಿರದ ನಿಮ್ಮ ಊರಿನಲ್ಲಿ ಹನುಮಪ್ಪನ ಗುಡಿಯ ಮುಂದೆ ಗುಂಡು ಇದೆ, ನಿಮ್ಮ ಅಜ್ಜ ಅದನ್ನು ಎತ್ತುತ್ತಿದ್ದರು, ಈಗಲೂ ಕಾರ ಹುಣ್ಣಿಮೆಗೆ ಹುಡುಗರು ಎತ್ತುತ್ತಾರೆ ಅಂತ. ಹನ್ನೊಂದು ಪುಟದಲ್ಲಿ ಅದರ ಒಂದು ಸಾಲೂ ಇಲ್ಲ. ಅದು ಬರೆಯುವಂಥ ವಿಷಯ ಅಲ್ಲ ಅಂದುಕೊಂಡೆಯಾ?

ನಾನು ವಿಜಯಪುರದ ಕಡೆ ಒಂದು ಜಾತ್ರೆಯಲ್ಲಿ ಒಮ್ಮೆ ನೋಡಿದ್ದೇನೆ. ಇಪ್ಪತ್ತು ಇಪ್ಪತ್ತೆರಡರ ಹುಡುಗ. ಗುಂಡಿನ ಸುತ್ತ ಒಂದು ಸುತ್ತು ಬಂದ. ಕೈಗೆ ಮಣ್ಣು ಉಜ್ಜಿಕೊಂಡ. ಕುಕ್ಕರಗಾಲಲ್ಲಿ ಕೂತು ಎರಡೂ ಕೈ ಅದರ ಬುಡಕ್ಕೆ ತೂರಿಸಿದ. ಹಿಡಿಯಲು ಅದಕ್ಕೆ ಮೂಲೆಯೇ ಇಲ್ಲ, ನೋಡು. ಅದೇ ಕಷ್ಟ. ಚೌಕದ ಕಲ್ಲಾದರೆ ಎಲ್ಲೋ ಒಂದು ಕಡೆ ಬೆರಳು ನಿಲ್ಲುತ್ತದೆ. ಗುಂಡಿನಲ್ಲಿ ಎಲ್ಲಿ ಹಿಡಿದರೂ ಜಾರುತ್ತದೆ. ಮೊದಲು ತೊಡೆಯ ಮೇಲೆ ತಂದುಕೊಂಡ. ಅಲ್ಲಿ ಒಂದು ಉಸಿರು. ಆಮೇಲೆ ಎದೆಗೆ ಅಪ್ಪಿಕೊಂಡು ಎದ್ದ. ಮಗುವನ್ನು ಎತ್ತಿಕೊಂಡ ಹಾಗೆ ಕಾಣಿಸಿತು ನನಗೆ. ಹೆಗಲಿಗೆ ಹೋಯಿತು. ಹಿಂದಕ್ಕೆ ಬಿಟ್ಟ. ಬಿದ್ದ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ಬಂತು. ಡೊಳ್ಳು ಶುರುವಾಯಿತು. ಅಲ್ಲಿ ಯಾರ ಬಾಯಲ್ಲೂ ಕಲ್ಲು ಅನ್ನುವ ಪದ ಬರಲಿಲ್ಲ. 'ಗುಂಡ ಎತ್ತಿದ್ನೋ' ಅಂತಲೇ ಕೂಗಿದರು.

ಹೀಗೆ ಮಾಡು. ಕಾರ ಹುಣ್ಣಿಮೆಗೆ ಊರಿಗೆ ಹೋಗುತ್ತೀಯಲ್ಲ, ಎರಡು ದಿನ ಮೊದಲೇ ಹೋಗು. ಗುಡಿಯ ಮುಂದಿನ ಗುಂಡನ್ನು ಮುಟ್ಟಿ ನೋಡು, ಸುತ್ತಳತೆ ತೆಗೆದುಕೋ. ಎತ್ತಲು ಪ್ರಯತ್ನ ಮಾಡು, ಎತ್ತಲಾಗದಿದ್ದರೆ ಉರುಳಿಸು. ಅಜ್ಜನ ಜೊತೆ ಎತ್ತುತ್ತಿದ್ದ ಮುದುಕರು ಇಬ್ಬರು ಮೂವರು ಇನ್ನೂ ಇದ್ದಾರೆ ಅಂದಿದ್ದೆ. ಅವರ ಹತ್ತಿರ ಕೂತುಕೋ. ಕೈ ತೂರಿಸುವುದಕ್ಕೆ ಏನಂತಾರೆ, ತೊಡೆಗೆ ತರುವುದಕ್ಕೆ ಏನಂತಾರೆ, ಎದೆಯಿಂದ ಹೆಗಲಿಗೆ ಹೋಗುವ ಆ ಒಂದು ಗಳಿಗೆಗೆ ಏನಾದರೂ ಹೆಸರಿದೆಯಾ, ಕೇಳು. ಅವರು ಹೇಳಿದ ಹಾಗೇ ಬರೆದುಕೋ, ನಮ್ಮ ಪುಸ್ತಕದ ಕನ್ನಡಕ್ಕೆ ತಿದ್ದಬೇಡ. ಅಜ್ಜನ ಹೆಸರು ಬಂದಾಗ ಅವರು ಏನಂದರು ಅಂತಲೂ ಬರೆದುಕೋ.

ಹನ್ನೊಂದು ಪುಟ ಹಾಗೇ ಇರಲಿ, ಹರಿಯಬೇಡ. ಮೇಷ್ಟ್ರ ಕಾರ್ಡಿನ ಒಂದು ಫೋಟೋ ತೆಗೆಸಿ ಈ ಕಾಗದದ ಜೊತೆ ಇಟ್ಟಿದ್ದೇನೆ. ನಿನ್ನ ಮೇಜಿನ ಮೇಲೆ ಇಟ್ಟುಕೋ. ಅಮ್ಮನಿಗೆ ನಮಸ್ಕಾರ ತಿಳಿಸು. ಊರಿಂದ ಬಂದ ಮೇಲೆ ಕಾಗದ ಹಾಕು.

ನಿನ್ನ
ಅಕ್ಕ